ಏರುದಾರಿಗೂ ಬಂತು ಸವಾರಿಯ ಗತ್ತು

1976ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರಿನ ಹೊರಗೆ, ಗುಡ್ಡದಿಂದ ಇಳಿಯುವ ಮಣ್ಣುದಾರಿಯೊಂದರಲ್ಲಿ ಸೈಕಲ್ ಹುಚ್ಚಿನ ಒಂದಷ್ಟು ಯುವಕರು ಪಂದ್ಯ ಕಟ್ಟಿದರು. ದಪ್ಪ ಟೈರಿನ ಹಳೇ ಕಾಲದ ಸೈಕಲ್ಲುಗಳು. ಮೂರು ಕಿಲೋಮೀಟರ್ ಚಿಲ್ಲರೆ ದೂರದಲ್ಲಿ ದಾರಿ ಸುಮಾರು 400 ಮೀಟರ್ ಕೆಳಗಿಳಿಯುತ್ತಿತ್ತು. ಹಿಂದಿನ ಚಕ್ರದ ಹಬ್ಬಿನೊಳಗಿದ್ದ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಅದರ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಮತ್ತೆ ಇಳಿಯುವ ಮೊದಲು ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆ ಗುಂಪಿನಲ್ಲಿದ್ದ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮುಂದೆ ಮೌಂಟನ್ ಬೈಕಿನ ಮೂಲಪುರುಷರೆನಿಸಿಕೊಂಡರು. ಅವರು ಇಳಿದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಹತ್ತಿದ್ದು ಹೇಗೆ? ಬಹಳ ಸಲ ಪಿಕಪ್ ಟ್ರಕ್ಕಿನಲ್ಲಿ ಸೈಕಲ್ ಪೇರಿಸಿಕೊಂಡು.

ಈ ಆಟ ಹುಟ್ಟಿದ್ದೇ ಹಾಗೆ, ಅರ್ಧ ಗುಡ್ಡವನ್ನು ಬಿಟ್ಟುಕೊಟ್ಟು. ಆಮೇಲೆ ಗೇರು ಬಂತು, ಸಸ್ಪೆನ್ಷನ್ ಬಂತು, ಡಿಸ್ಕ್ ಬ್ರೇಕು ಬಂತು. ಬೇಸಿಗೆಯಲ್ಲಿ ಖಾಲಿ ಬಿದ್ದಿರುತ್ತಿದ್ದ ಸ್ಕೀ ಲಿಫ್ಟುಗಳು ಸೈಕಲ್ಲುಗಳನ್ನೂ ಮೇಲಕ್ಕೆ ಸಾಗಿಸತೊಡಗಿದವು. ಸ್ವಂತ ಕಾಲಿನಲ್ಲಿ ಹತ್ತುವವರು ಹತ್ತಿದರು, ಆದರೆ ಹೆಚ್ಚಿನವರ ಪಾಲಿಗೆ ಏರು ಅಂದರೆ ಇಳಿಜಾರಿಗಾಗಿ ತೆರಬೇಕಾದ ಸುಂಕ. ಎಲೆಕ್ಟ್ರಿಕ್ ಮೌಂಟನ್ ಬೈಕ್ ಬಂದಾಗ ಈ ಸುಂಕ ಮನ್ನಾ ಆಯಿತು ಎಂದೇ ಎಲ್ಲರೂ ಅಂದುಕೊಂಡರು. ಹೊಸ ತಲೆಮಾರಿನ ಮೋಟರಿರುವ ಸೈಕಲ್ಲೊಂದನ್ನು ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನಲ್ಲಿ ಓಡಿಸಿದ ಮೇಲೆ ನನಗೆ ಅನಿಸಿದ್ದು ಬೇರೆ. ಏರು ಸುಲಭವಾಗಿದೆ ಅನ್ನುವುದಕ್ಕಿಂತ, ಏರೇ ಒಂದು ಸವಾರಿಯಾಗಿದೆ. ಮೊದಲು ಶ್ವಾಸಕೋಶ ಮಾತ್ರ ಮಾಡುತ್ತಿದ್ದ ಕೆಲಸಕ್ಕೆ ಈಗ ಕಣ್ಣು, ಸೊಂಟ, ಬೆರಳು, ಬುದ್ಧಿ ಎಲ್ಲವೂ ಬೇಕು.

ಕೇಕಿನ ಹೆಸರಿನಿಂದ ನಮಗೆಲ್ಲ ಪರಿಚಯವಾದ ಬ್ಲ್ಯಾಕ್ ಫಾರೆಸ್ಟು ಫ್ರೈಬುರ್ಗ್ ನಗರದ ಅಂಚಿನಿಂದಲೇ ಏಳುತ್ತದೆ. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿ. ಬೆನ್ನಿಗಿರುವ ರೋಸ್‌ಕೋಪ್ಫ್ ಗುಡ್ಡದ ನೆತ್ತಿ 737 ಮೀಟರ್. ಅಲ್ಲೊಂದು ಹಳೆಯ ಕಬ್ಬಿಣದ ವೀಕ್ಷಣಾ ಗೋಪುರವಿದೆ. ಹವೆ ತಿಳಿಯಾಗಿದ್ದರೆ ರೈನ್ ಬಯಲಿನಾಚೆ ಫ್ರಾನ್ಸಿನ ವೋಜ್ ಬೆಟ್ಟಸಾಲು ಕಾಣುತ್ತದೆ. ಈ ಗುಡ್ಡದಿಂದ ಊರಿಗಿಳಿಯುವ ಬಾರ್ಡರ್‌ಲೈನ್ ಎಂಬ ಟ್ರೇಲು ಸೈಕಲ್ಲಿಗರ ನಡುವೆ ಹೆಸರುವಾಸಿ. ಊರಿನ ಮೌಂಟನ್ ಬೈಕ್ ಸಂಘದವರು ಅರಣ್ಯ ಇಲಾಖೆಯ ಜೊತೆ ಸೇರಿ ಮಾಡಿಕೊಂಡ ದಾರಿ ಅದು. ಸಾಮಾನ್ಯವಾಗಿ ಎಲ್ಲರೂ ಜಲ್ಲಿ ಹಾಕಿದ ಅಗಲವಾದ ಕಾಡುರಸ್ತೆಯಲ್ಲಿ ಮೇಲೆ ಹೋಗಿ ಟ್ರೇಲಿನಲ್ಲಿ ಇಳಿಯುತ್ತಾರೆ. ನನ್ನ ಜೊತೆಗಿದ್ದ ಗೆಳೆಯ ತೀರ್ಥಹಳ್ಳಿ ಕಡೆಯವನು, ಅಲ್ಲಿ ಎಂಜಿನಿಯರು. ಅವನು ಆರಿಸಿದ್ದು ಅಗಲವೇನೋ ಇರುವ, ಆದರೆ ಎಷ್ಟೋ ವರ್ಷದಿಂದ ಯಾರೂ ನಿಗಾ ಮಾಡದೆ ಕಲ್ಲು-ಬೇರು ಎದ್ದುನಿಂತ ಹಳೆಯ ಕಾಡುದಾರಿಯನ್ನು. ಮೋಟರಿಲ್ಲದ ಸೈಕಲ್ಲಿನಲ್ಲಾದರೆ ಇಳಿದು ತಳ್ಳಿಕೊಂಡು ಹೋಗುವಂಥ ದಾರಿ.

ಬಾಡಿಗೆಗೆ ಸಿಕ್ಕ ಸೈಕಲ್ಲಿನಲ್ಲಿದ್ದದ್ದು ಬಾಷ್ ಕಂಪನಿಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟರು, 2024ರಲ್ಲಿ ಬಂದ ಐದನೇ ಪೀಳಿಗೆಯದು. ತೂಕ 2.8 ಕಿಲೋ. ಎರಡೂ ಪೆಡಲುಗಳ ನಡುವಿನ ಅಚ್ಚಿನ ಜಾಗದಲ್ಲೇ ಕೂತಿರುತ್ತದೆ. ಗರಿಷ್ಠ ತಿರುಚುಬಲ, ಅಂದರೆ ಟಾರ್ಕ್, 85 ನ್ಯೂಟನ್ ಮೀಟರ್. ಗರಿಷ್ಠ ಶಕ್ತಿ 600 ವಾಟ್. ಪೂರ್ತಿ ಸಹಾಯದ ಮೋಡಿನಲ್ಲಿ ನಾವು ತುಳಿದ ಶಕ್ತಿಗೆ ಅದು 340 ಪ್ರತಿಶತದವರೆಗೆ ಸೇರಿಸುತ್ತದೆ. ಹವ್ಯಾಸಿ ಸವಾರನೊಬ್ಬ ಆರಾಮಾಗಿ ತುಳಿದರೆ ಬರುವುದು 100 ವಾಟ್. ಅದರ ಮೇಲೆ ಮೋಟರಿನದು 340 ವಾಟ್. (2025ರಲ್ಲಿ ಬಾಷ್ ಇದೇ ಮೋಟರಿಗೆ ಬರೀ ಸಾಫ್ಟ್‌ವೇರ್ ಬದಲಿಸಿ 100 ನ್ಯೂಟನ್ ಮೀಟರ್, 750 ವಾಟ್‌ವರೆಗೆ ಏರಿಸಿಕೊಳ್ಳುವ ಅವಕಾಶ ಕೊಟ್ಟಿತು.) ಇಲ್ಲಿ ಆಕ್ಸಿಲರೇಟರ್ ಇಲ್ಲ. ಪೆಡಲ್ ತುಳಿಯದಿದ್ದರೆ ಮೋಟರು ಸುಮ್ಮನಿರುತ್ತದೆ. ಕಾಲು ಎಷ್ಟು ಜೋರಾಗಿ ಒತ್ತುತ್ತಿದೆ, ಪೆಡಲಿನ ತೋಳು, ಅಂದರೆ ಕ್ರ್ಯಾಂಕು, ಎಷ್ಟು ವೇಗವಾಗಿ ತಿರುಗುತ್ತಿದೆ, ಸೈಕಲ್ಲು ಎಷ್ಟು ವಾಲಿದೆ ಎಂಬುದನ್ನೆಲ್ಲ ಒಳಗಿನ ಸೆನ್ಸರುಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅಳೆಯುತ್ತಿರುತ್ತವೆ. ಅಂಗೈಯಗಲದ ಪೆಟ್ಟಿಗೆಯೊಳಗೆ ನಡೆಯುವ ಈ ಲೆಕ್ಕಾಚಾರ ಸವಾರನಿಗೆ ಗೊತ್ತಾಗುವುದು ಒಂದೇ ರೀತಿಯಲ್ಲಿ: ಕಾಲಿಗೆ ಇದ್ದಕ್ಕಿದ್ದಂತೆ ಇಪ್ಪತ್ತರ ಪ್ರಾಯ ಬಂದಂತಾಗುತ್ತದೆ.

ಆ ಹುರುಪು ಮೊದಲ ಕಡಿದಾದ ತಿರುವಿನವರೆಗೆ ಮಾತ್ರ. ಅಲ್ಲಿ ದಾರಿ ಬಲಕ್ಕೆ ಹೊರಳಿ, ತಿರುವಿನ ಮಧ್ಯದಲ್ಲೇ ಬೀಚ್ ಮರದ ಬೇರುಗಳು ಅಡ್ಡಡ್ಡ ಬಿದ್ದಿದ್ದವು. ಮಳೆ ನಿಂತು ಹೆಚ್ಚು ಹೊತ್ತಾಗಿರಲಿಲ್ಲ. ಬೇರಿನ ಮೇಲೆ ಕೊಳೆತ ಎಲೆ, ಅದರ ಕೆಳಗೆ ಸಾಬೂನಿನಂಥ ಜಾರು. ಸೀಟಿನ ಹಿಂಭಾಗದಲ್ಲೇ ಕೂತು ತುಳಿದರೆ ಮುಂದಿನ ಚಕ್ರ ಮೇಲೇಳುತ್ತದೆ. ಮುಂದೆ ಬಗ್ಗಿ ಎದ್ದು ನಿಂತರೆ ಹಿಂದಿನ ಚಕ್ರ ಹಿಡಿತ ಬಿಟ್ಟು ಇದ್ದಲ್ಲೇ ಸುತ್ತುತ್ತದೆ. ಎರಡರ ನಡುವೆ ಒಂದು ಗೇಣಿನಷ್ಟು ಜಾಗವಿದೆ. ಸೀಟಿನ ಮೂತಿಯ ಮೇಲೆ ಕೂತು, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲಿನ ಹತ್ತಿರಕ್ಕೆ ತಂದು, ಆ ಜಾಗ ಬಿಡದೆ ತುಳಿಯಬೇಕು. ಹಿಂದಿನ ಚಕ್ರ ಬೇರಿಗೆ ತಾಗುವ ಗಳಿಗೆಯಲ್ಲಿ ಕಾಲಿನ ಒತ್ತಡ ಒಂದಿಷ್ಟು ಸಡಿಲಿಸಿ, ಟೈರು ಬೇರನ್ನು ಅಪ್ಪಿದ ಕೂಡಲೇ ಮತ್ತೆ ಒತ್ತಬೇಕು. ಕಾಲು ಸಡಿಲಿಸಿದರೆ ಮೋಟರೂ ಸಡಿಲಿಸುತ್ತದೆ, ಕಾಲು ಒತ್ತಿದರೆ ಅದೂ ಒತ್ತುತ್ತದೆ. ಒರಟು ಕಾಲಿಗೆ ಒರಟು ಸಹಾಯ.

ಇಲ್ಲಿ ಬಾಷ್‌ನವರು ಒಂದು ಜಾಣತನ ಮಾಡಿದ್ದಾರೆ. ಇ-ಎಂಟಿಬಿ ಎಂಬ ಮೋಡಿನಲ್ಲಿ ಪೆಡಲನ್ನು ಜೋರಾಗಿ ಒಂದು ಅರ್ಧಸುತ್ತು ಒದ್ದು ನಿಲ್ಲಿಸಿದರೂ ಮೋಟರು ಇನ್ನೊಂದಿಷ್ಟು ದೂರ ತಳ್ಳಿಕೊಡುತ್ತದೆ. ಪೆಡಲ್ ಪೂರ್ತಿ ತಿರುಗಿಸಿದರೆ ಕಲ್ಲಿಗೆ ಬಡಿಯುವ ಕಡೆಗಳಲ್ಲಿ, ಪೆಡಲುಗಳನ್ನು ಸಮಕ್ಕೆ ಹಿಡಿದು ಮೆಟ್ಟಿಲಿನಷ್ಟು ಎತ್ತರದ ಬಂಡೆಯನ್ನು ಹತ್ತಿಬಿಡಬಹುದು. ಮೊದಲ ಸಲ ಅದು ಸರಿಯಾಗಿ ಕೂಡಿಬಂದಾಗ ನಾನು ದಾರಿಯ ಮಧ್ಯೆ ಜೋರಾಗಿ ಕೂಗಿದೆ. ಇಳಿಜಾರಿನಲ್ಲಿ ಎಷ್ಟೋ ಸಲ ಕೂಗಿದ್ದೇನೆ. ಏರಿನಲ್ಲಿ ಕೂಗುವಷ್ಟು ಉಸಿರು, ಕೂಗುವಂಥ ಕಾರಣ ಎರಡೂ ಒಟ್ಟಿಗೆ ಸಿಕ್ಕಿದ್ದು ಹೊಸದು.

ಗೇರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ತಪ್ಪು ತಿಳಿಯುವುದು ಇಲ್ಲೇ. ಮೋಟರಿದೆಯಲ್ಲ, ಭಾರದ ಗೇರಿನಲ್ಲೇ ಎಳೆದುಕೊಂಡು ಹೋಗಲಿ ಎಂದುಕೊಳ್ಳುತ್ತಾರೆ. ಶಕ್ತಿ ಅನ್ನುವುದು ಟಾರ್ಕು ಮತ್ತು ತಿರುಗುವ ವೇಗದ ಗುಣಲಬ್ಧ. 85 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಕ್ರ್ಯಾಂಕು ನಿಮಿಷಕ್ಕೆ 40 ಸುತ್ತು ತಿರುಗಿದರೆ ಮೋಟರಿನಿಂದ ಬರುವುದು ಹೆಚ್ಚೆಂದರೆ 356 ವಾಟ್. 60 ಸುತ್ತಿಗೆ 534 ವಾಟ್. ಪೂರ್ತಿ 600 ವಾಟ್ ಬೇಕಾದರೆ 67-68 ಸುತ್ತಾದರೂ ಬೇಕು. ಅಂದರೆ ಕಡಿದಾದ ಏರಿನಲ್ಲಿ ಭಾರದ ಗೇರಿನಲ್ಲಿ ತಿಣುಕುವವನು ಕೈಗೆ ಬಂದ ಶಕ್ತಿಯಲ್ಲಿ ದೊಡ್ಡ ಪಾಲನ್ನೇ ಬಿಟ್ಟುಕೊಟ್ಟಿರುತ್ತಾನೆ. ಅವನಿಗೆ ಸಹಾಯ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ ಮೋಟರು ಸೊರಗುತ್ತದೆ.

“ಗೇರ್ ಇಳಿಸು ಮಾರಾಯ, ಮೊದಲೇ ಇಳಿಸು,” ಎಂದು ಗೆಳೆಯ ಹಿಂದಿನಿಂದ ಕೂಗುತ್ತಲೇ ಇದ್ದ. “ಏರಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ಇಳಿಸಿದ್ರೆ ಚೈನು ಕಿತ್ತು ಬರ್ತದೆ.”

ಅವನು ಹೇಳಿದ್ದು ಸುಮ್ಮನೆ ಅಲ್ಲ. ಕಾಲಿನ ಮತ್ತು ಮೋಟರಿನ ಒಟ್ಟು ಬಲ ಒಂದೇ ಚೈನಿನ ಮೇಲೆ ಬೀಳುತ್ತದೆ. ಆ ಭಾರದಲ್ಲಿ ಗೇರು ಬದಲಿಸಿದರೆ ಚೈನು ಗೇರಿನ ಹಲ್ಲನ್ನು ತಿನ್ನುತ್ತದೆ. ಅದಕ್ಕೇ ಇ-ಸೈಕಲ್ಲಿನ ಚೈನು ಸಾದಾ ಸೈಕಲ್ಲಿನದಕ್ಕಿಂತ ಬೇಗ ಸವೆಯುತ್ತದೆ. ಕ್ರ್ಯಾಂಕಿನ ಉದ್ದವೂ ಈಗ ಕಡಿಮೆಯಾಗಿದೆ. ಬಹುಕಾಲ 170-175 ಮಿಲಿಮೀಟರ್ ಇದ್ದದ್ದು ಇಂಥ ಸೈಕಲ್ಲುಗಳಲ್ಲಿ 160ರ ಆಸುಪಾಸಿಗೆ ಇಳಿದಿದೆ. ಕಲ್ಲುಗಳ ನಡುವೆ ತುಳಿಯುತ್ತಲೇ ಹತ್ತುವ ದಾರಿ ಈಗ ಸವಾರಿಯ ಭಾಗವಾದ್ದರಿಂದ ಪೆಡಲು ಕಲ್ಲಿಗೆ ಬಡಿಯದಂತೆ ಮಾಡಿಕೊಂಡ ಬದಲಾವಣೆ ಅದು. ಸೈಕಲ್ಲಿನ ಅಂಗಾಂಗಗಳೇ ಏರಿಗೆ ತಕ್ಕಂತೆ ಹೊಸ ಅಳತೆ ಪಡೆಯುತ್ತಿವೆ.

ಏರಿನ ಮಧ್ಯೆ ನಿಂತುಬಿಟ್ಟರೆ ಮತ್ತೆ ಹೊರಡುವುದೂ ಒಂದು ವಿದ್ಯೆ. ಸೀಟನ್ನು ಕೆಳಗಿಳಿಸಿಕೊಳ್ಳಬೇಕು. ಸಹಾಯದ ಮೋಡನ್ನು ಒಂದು ಹಂತ ತಗ್ಗಿಸಬೇಕು, ಇಲ್ಲದಿದ್ದರೆ ಮೊದಲ ತುಳಿತಕ್ಕೇ ಸೈಕಲ್ಲು ನೆಗೆದು ಕೈತಪ್ಪುತ್ತದೆ. ಬ್ರೇಕು ಹಿಡಿದಿಟ್ಟು, ಮೇಲಿರುವ ಪೆಡಲಿನ ಮೇಲೆ ಮೈಭಾರ ಹಾಕಿ, ಭಾರ ಕೂತ ಮೇಲೆಯೇ ಬ್ರೇಕು ಬಿಡಬೇಕು. ಗುಡ್ಡದ ರಸ್ತೆಯಲ್ಲಿ ಕಾರು ನಿಲ್ಲಿಸಿ ಹೊರಡಲು ಕಲಿತವರಿಗೆ ಇದರ ತಾಳ ಬೇಗ ಹತ್ತುತ್ತದೆ.

ಹಾಗಾದರೆ ಇದು ಶ್ರಮವೇ? ಬೆವರದೆ ಗುಡ್ಡ ಹತ್ತುವುದು ಕಳ್ಳಾಟ ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಅಮೆರಿಕದ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ 33 ಅನುಭವಿ ಸವಾರರನ್ನು ಸಾದಾ ಮೌಂಟನ್ ಬೈಕಿನಲ್ಲೂ ಎಲೆಕ್ಟ್ರಿಕ್ ಮೌಂಟನ್ ಬೈಕಿನಲ್ಲೂ ಒಂದೇ ದಾರಿಯಲ್ಲಿ ಓಡಿಸಿ ಎದೆಬಡಿತ ಅಳೆದರು. ಎಲೆಕ್ಟ್ರಿಕ್ ಸೈಕಲ್ಲಿನಲ್ಲಿ ಸರಾಸರಿ ಎದೆಬಡಿತ ಸಾದಾ ಸೈಕಲ್ಲಿನದರ ಸುಮಾರು 94 ಪ್ರತಿಶತ ಇತ್ತು. ಶ್ರಮ ಕಡಿಮೆಯಾಯಿತೆಂದು ಸವಾರರಿಗೆ ಅನಿಸಿತ್ತು; ಹೃದಯ ಹಾಗೆ ಹೇಳಲಿಲ್ಲ. ನನ್ನ ಅನುಭವವೂ ಇದೇ. ಮೇಲೆ ತಲುಪಿದಾಗ ತೊಡೆಯಲ್ಲಿ ಹಳೆಯ ಉರಿ ಇರಲಿಲ್ಲ, ಆದರೆ ಅಂಗಿ ಒದ್ದೆಯಾಗಿತ್ತು, ತೋಳು ಮತ್ತು ಬೆನ್ನು ದಣಿದಿದ್ದವು, ತಲೆ ಚದುರಂಗ ಆಡಿ ಎದ್ದವನ ತಲೆಯಂತೆ ಚುರುಕಾಗಿತ್ತು. ದೊಡ್ಡ ವ್ಯತ್ಯಾಸ ವಯಸ್ಸಾದವರಿಗೆ, ಮಂಡಿನೋವಿನವರಿಗೆ, ಒಬ್ಬರಿಗಿಂತ ಇನ್ನೊಬ್ಬರು ದುರ್ಬಲರಾದ ಗಂಡಹೆಂಡಿರ ಜೋಡಿಗಳಿಗೆ ಆಗಿದೆ. ಗೋಪುರದ ಬುಡದಲ್ಲಿ ಕಂಡ ಸವಾರರಲ್ಲಿ ತಲೆ ನರೆತವರೇ ಹೆಚ್ಚು, ಅವರೆಲ್ಲರ ಸೈಕಲ್ಲೂ ಎಲೆಕ್ಟ್ರಿಕ್. ಜರ್ಮನಿಯಲ್ಲಿ 2023ರಲ್ಲಿ ಮಾರಾಟವಾದ ಸೈಕಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 21 ಲಕ್ಷ, ಮೋಟರಿನವು. ಅಲ್ಲಿ ಸಾದಾ ಸೈಕಲ್ಲನ್ನು ಅವು ಹಿಂದೆ ಹಾಕಿದ್ದು ಅದೇ ವರ್ಷ ಮೊದಲು.

ಬ್ಯಾಟರಿ ಎಷ್ಟು ದೂರ ಬರುತ್ತದೆ ಎಂಬ ಪ್ರಶ್ನೆಗೆ ಕಿಲೋಮೀಟರಿನಲ್ಲಿ ಉತ್ತರ ಹೇಳುವುದು ಗುಡ್ಡದಲ್ಲಿ ಅರ್ಥವಿಲ್ಲದ ಕೆಲಸ. ಕೇಳಬೇಕಾದದ್ದು ಎಷ್ಟು ಎತ್ತರ ಎಂದು. ಸವಾರ, ಸೈಕಲ್ಲು, ನೀರು, ಚೀಲ ಎಲ್ಲ ಸೇರಿ 100 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು ರೋಸ್‌ಕೋಪ್ಫಿನ 450 ಮೀಟರ್ ಮೇಲಕ್ಕೆ ಎತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ 123 ವಾಟ್-ಅವರ್ ಬೇಕು. ಮಣ್ಣಿನ ಎಳೆತ, ಟೈರಿನ ಘರ್ಷಣೆ ಸೇರಿದರೆ 160. ಅದರ ಮೂರರಲ್ಲಿ ಎರಡು ಪಾಲನ್ನು ಮೋಟರು ಹೊತ್ತು, ಅದರ ಕೆಲಸದಲ್ಲಿ ಕಾಲುಭಾಗ ಶಾಖವಾಗಿ ಸೋರಿಹೋದರೆ ಬ್ಯಾಟರಿಯಿಂದ ಖರ್ಚಾಗುವುದು 140ರ ಹತ್ತಿರ. 600 ವಾಟ್-ಅವರಿನ ಬ್ಯಾಟರಿಯಲ್ಲಿ ಈ ಗುಡ್ಡವನ್ನು ನಾಲ್ಕು ಸಲ ಹತ್ತಬಹುದು. ಪೂರ್ತಿ ಸಹಾಯದ ಮೋಡಿನಲ್ಲೇ ಹೋದರೆ ಇನ್ನೂ ಕಡಿಮೆ. 800ರ ಬ್ಯಾಟರಿಯೂ ಸಿಗುತ್ತದೆ, ಅದರ ತೂಕವೇ ನಾಲ್ಕು ಕಿಲೋದ ಹತ್ತಿರ. ನನಗೆ ಕೇಳಿದರೆ 600 ಸಾಕು. ಹಗುರವಾದ ಸೈಕಲ್ಲು ಕೊಡುವ ಸುಖ ಐದನೇ ಏರಿಗಿಂತ ದೊಡ್ಡದು.

ಇಳಿಯುವಾಗ ಚಾರ್ಜ್ ಆಗುತ್ತದೆಯೇ ಎಂದು ನಮ್ಮ ಕಡೆಯವರು ಕೇಳಿಯೇ ಕೇಳುತ್ತಾರೆ. ನಮ್ಮ ಎಲೆಕ್ಟ್ರಿಕ್ ಸ್ಕೂಟರುಗಳು ವೇಗ ತಗ್ಗಿಸುವಾಗ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತವೆ. ಇಲ್ಲಿ ಆಗುವುದಿಲ್ಲ. ಪೆಡಲ್ ನಿಂತ ಕೂಡಲೇ ಹಿಂದಿನ ಚಕ್ರ ಚೈನಿನಿಂದ ಬಿಡುಗಡೆಯಾಗಿ ತಾನೇ ತಿರುಗುತ್ತದೆ, ಹಾಗಾಗಿ ಚಕ್ರದ ಬಲ ಮೋಟರಿಗೆ ತಲುಪಲು ದಾರಿಯೇ ಇಲ್ಲ. ಹತ್ತುವಾಗ ಕೂಡಿಟ್ಟ ಶಕ್ತಿಯೆಲ್ಲ ಇಳಿಯುವಾಗ ಬ್ರೇಕಿನ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ.

ಇಳಿಜಾರಿನ ಮಾತು ಬೇಗ ಮುಗಿಸಬಹುದು, ಅಲ್ಲಿ ಹೊಸದು ಕಡಿಮೆ. ಸೈಕಲ್ಲಿನ ತೂಕ 24 ಕಿಲೋದ ಆಸುಪಾಸು, ಒಳ್ಳೆಯ ಸಾದಾ ಮೌಂಟನ್ ಬೈಕಿಗಿಂತ ಹತ್ತು ಕಿಲೋದಷ್ಟು ಹೆಚ್ಚು. ಆ ಭಾರ ಕೆಳಗೆ, ನಡುವಿನಲ್ಲಿ ಕೂತಿರುವುದರಿಂದ ಕಲ್ಲುಗುಡ್ಡೆಯ ಮೇಲೆ ಸೈಕಲ್ಲು ಅಲ್ಲಾಡದೆ ಹರಿಯುತ್ತದೆ. ಬೇರಿನ ಸಾಲಿನ ಮೇಲೆ ಹಗುರ ಸೈಕಲ್ಲು ಪುಟಿದರೆ ಇದು ನೆಲಕ್ಕಂಟಿಕೊಂಡು ಹೋಗುತ್ತದೆ. ಆದರೆ ಮುಂದಿನ ಚಕ್ರ ಎತ್ತಿ ಹಾರಿಸಬೇಕಾದಾಗ, ಕೊನೆಗಳಿಗೆಯಲ್ಲಿ ದಾರಿ ಬದಲಿಸಬೇಕಾದಾಗ ಅದರ ಭಾರ ಮುಖಕ್ಕೆ ಹೊಡೆದಂತೆ ತಿಳಿಯುತ್ತದೆ. ಬ್ರೇಕನ್ನು ಒಂದು ಸೈಕಲ್ಲಿನುದ್ದ ಮೊದಲೇ ಹಿಡಿಯಬೇಕು. ಬಾರ್ಡರ್‌ಲೈನಿನ ಒಂದರ ಹಿಂದೊಂದು ಬರುವ ತಿರುವುಗಳಲ್ಲಿ ನನಗೆ ಹಳೆಯ ಹಗುರ ಸೈಕಲ್ಲೇ ಬೇಕೆನಿಸಿತು.

ಹೀಗಾಗಿ ಮೋಟರು ತಂದ ನಿಜವಾದ ಹೊಸತು ಇರುವುದು ಏರಿನಲ್ಲಿ. ಪಂದ್ಯ ನಡೆಸುವವರು ಇದನ್ನು ಬೇಗ ಗುರುತಿಸಿದರು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2019ರಲ್ಲಿ ಕೆನಡಾದ ಮಾಂಟ್-ಸೇಂಟ್-ಆನ್‌ನಲ್ಲಿ ಮೊದಲ ಬಾರಿಗೆ ಎಲೆಕ್ಟ್ರಿಕ್ ಮೌಂಟನ್ ಬೈಕ್ ವಿಶ್ವ ಪ್ರಶಸ್ತಿ ಇಟ್ಟಿತು. ದಕ್ಷಿಣ ಆಫ್ರಿಕಾದ ಆಲನ್ ಹ್ಯಾಥರ್ಲಿ, ಸ್ವಿಟ್ಜರ್ಲೆಂಡಿನ ನಟಾಲಿ ಷ್ನೈಟರ್ ಗೆದ್ದರು. ಎಂಡ್ಯೂರೋ ಎಂಬ ಬಗೆಯ ಪಂದ್ಯಗಳಲ್ಲಿ ಹಿಂದೆ ಇಳಿಜಾರಿಗೆ ಮಾತ್ರ ಗಡಿಯಾರ ಹಿಡಿಯುತ್ತಿದ್ದರು. ಎಲೆಕ್ಟ್ರಿಕ್ ವಿಭಾಗ ಬಂದ ಮೇಲೆ ಕಲ್ಲು-ಬೇರಿನ ಕಠಿಣ ಏರುಗಳಿಗೂ ಸಮಯ ಅಳೆಯುವ ಹಂತ ಸೇರಿತು. ಅತ್ತ ಕಂಪನಿಗಳ ನಡುವೆ ಬಲದ ಪೈಪೋಟಿ ಬಿರುಸಾಗಿದೆ. ಡ್ರೋನ್ ಮಾಡುವ ಚೀನಾದ ಡಿಜೆಐ ಕಂಪನಿ 2024ರಲ್ಲಿ ಅವಿನಾಕ್ಸ್ ಎಂಬ ಮೋಟರು ತಂದಿತು. ತೂಕ ಎರಡೂವರೆ ಕಿಲೋ, ಟಾರ್ಕು 105, ಕ್ಷಣಕಾಲಕ್ಕೆ 120 ನ್ಯೂಟನ್ ಮೀಟರ್, ಶಕ್ತಿ ಕ್ಷಣಕಾಲಕ್ಕೆ 1,000 ವಾಟ್. 1993ರಲ್ಲಿ ಯಮಾಹಾ ಜಪಾನಿನಲ್ಲಿ ಮೊದಲ ಪೆಡಲ್-ಸಹಾಯದ ಸೈಕಲ್ಲು ಮಾರಿದಾಗ ಅದನ್ನು ಸಂತೆಗೆ, ಶಾಲೆಗೆ ಹೋಗುವವರ ವಾಹನವೆಂದೇ ತಿಳಿದಿದ್ದರು.

ಈ ಪೈಪೋಟಿ ನನಗೆ ಹಿಡಿಸುವುದಿಲ್ಲ. ಯುರೋಪಿನ ಕಾನೂನಿನ ಪ್ರಕಾರ ಇಂಥ ಸೈಕಲ್ಲಿನ ಮೋಟರು 250 ವಾಟ್ ಮೀರುವಂತಿಲ್ಲ, ಗಂಟೆಗೆ 25 ಕಿಲೋಮೀಟರಿಗೆ ಸಹಾಯ ನಿಲ್ಲಬೇಕು. ಆಗ ಮಾತ್ರ ಅದು ಸೈಕಲ್ಲು. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. 250 ಎಲ್ಲಿ, 1,000 ಎಲ್ಲಿ? ಕಾನೂನು ಹೇಳುವುದು ಬಿಸಿಯೇರದೆ ಸತತವಾಗಿ ಕೊಡಬಲ್ಲ ಶಕ್ತಿಯ ಬಗ್ಗೆ, ಕ್ಷಣದ ಗರಿಷ್ಠದ ಬಗ್ಗೆ ಅಲ್ಲ. ಆ ಸಂದಿನಲ್ಲೇ ಎಲ್ಲರೂ ಬೆಳೆಯುತ್ತಿದ್ದಾರೆ. ಭಾರತದಲ್ಲೂ ಮೋಟಾರು ವಾಹನ ನಿಯಮಗಳು 250 ವಾಟ್ ಮತ್ತು 25 ಕಿಲೋಮೀಟರಿನ ಮಿತಿಯನ್ನೇ ಇಟ್ಟಿವೆ. ಸೈಕಲ್ಲಿಗೆ ಕಾಡಿನೊಳಗೆ ಸಿಗುವ ಪ್ರವೇಶ ಅದು ಸೈಕಲ್ಲು ಎಂಬ ನಂಬಿಕೆಯ ಮೇಲೆ ನಿಂತಿದೆ. ಬಲ ಏರುತ್ತ ಹೋದರೆ ಆ ನಂಬಿಕೆಯನ್ನು ಮೊದಲು ಕಳೆದುಕೊಳ್ಳುವವರು ಕಾಡಿನಲ್ಲಿ ನಡೆಯುವವರು.

ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಅರಣ್ಯ ಕಾನೂನು ಮೊದಲೇ ಬಿಗಿ. ಎರಡು ಮೀಟರಿಗಿಂತ ಕಿರಿದಾದ ದಾರಿಯಲ್ಲಿ ಸೈಕಲ್ ಓಡಿಸುವಂತಿಲ್ಲ, ವಿಶೇಷ ಅನುಮತಿ ಇದ್ದ ಕಡೆ ಮಾತ್ರ ವಿನಾಯಿತಿ. ಬಾರ್ಡರ್‌ಲೈನಿನಂಥ ಕಿರುದಾರಿ ಅಲ್ಲಿ ಅಪರೂಪದ ಸಂಪಾದನೆ. ಮಣ್ಣಿನ ಮಟ್ಟಿಗೆ ಆತಂಕ ಅಷ್ಟು ಬೇಡ. ಅಮೆರಿಕದ ಓರೆಗಾನ್ ರಾಜ್ಯದ ಕಾಡೊಂದರಲ್ಲಿ ಅಂತಾರಾಷ್ಟ್ರೀಯ ಮೌಂಟನ್ ಬೈಕಿಂಗ್ ಸಂಘದವರು 2015ರಲ್ಲಿ ಸಾದಾ ಸೈಕಲ್ಲು, ಎಲೆಕ್ಟ್ರಿಕ್ ಸೈಕಲ್ಲು, ಮೋಟರ್ ಸೈಕಲ್ಲು ಮೂರನ್ನೂ ಒಂದೇ ಬಗೆಯ ದಾರಿಯಲ್ಲಿ ಓಡಿಸಿ ಮಣ್ಣು ಎಷ್ಟು ಕದಲಿತೆಂದು ಅಳೆದಿದ್ದರು. ಮೊದಲೆರಡರ ನಡುವೆ ವ್ಯತ್ಯಾಸ ಹೆಚ್ಚಿರಲಿಲ್ಲ, ಮೋಟರ್ ಸೈಕಲ್ಲಿನದು ಬಹಳ ಹೆಚ್ಚು. ಎಲೆಕ್ಟ್ರಿಕ್ ಸೈಕಲ್ಲಿನ ಗುರುತು ಸ್ವಲ್ಪ ಬೇರೆಯಾಗಿ ಕಂಡದ್ದು ತಿರುವುಗಳಲ್ಲಿ ಮತ್ತು ಏರಿಳಿತ ಬದಲಾಗುವ ಕಡೆ. ಆ ಜಾರುಬೇರಿನ ತಿರುವಿನಲ್ಲಿ ಚಕ್ರ ಸುತ್ತಿದಾಗ ಎದ್ದ ಮಣ್ಣನ್ನು ನೋಡಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಯವಾಗಿ ತುಳಿಯುವುದು ಸವಾರನ ಅನುಕೂಲಕ್ಕೆ ಮಾತ್ರ ಅಲ್ಲ, ದಾರಿ ಉಳಿಯುವುದಕ್ಕೂ ಬೇಕು.

ನನಗೆ ಹೆಚ್ಚು ಚಿಂತೆ ಎದುರುಬದುರು ಸಂಚಾರದ್ದು. ಇಷ್ಟು ಕಾಲ ಕಿರುದಾರಿಯಲ್ಲಿ ಮೇಲಕ್ಕೆ ಬರುವವರು ನಿಧಾನವಾಗಿ ಬರುತ್ತಿದ್ದರು. ಈಗ ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ತಿರುವಿನಾಚೆಯಿಂದ ಪ್ರತ್ಯಕ್ಷರಾಗಬಹುದು. ಇಳಿಯಲು ಒಂದು, ಹತ್ತಲು ಇನ್ನೊಂದು ದಾರಿ ಮಾಡುವುದೇ ಸರಿ. ಇಳಿಜಾರಿನ ಟ್ರೇಲು ಕಟ್ಟುವಾಗ ತಿರುವು, ದಿಬ್ಬ, ನೀರಿಳಿಯುವ ಕಾಲುವೆ ಎಂದು ಎಷ್ಟು ಅಕ್ಕರೆಯಿಂದ ಯೋಚಿಸುತ್ತಾರೋ ಅಷ್ಟೇ ಅಕ್ಕರೆ ಏರಿನ ದಾರಿಗೂ ಸಲ್ಲಬೇಕು.

ನಮ್ಮಲ್ಲಿ ಇದಕ್ಕೆ ತಕ್ಕ ನೆಲ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳೊಳಗೆ ಜೀಪು ಓಡುವ ದಾರಿಗಳ, ಆಳುಗಳು ನಡೆಯುವ ಕಾಲುದಾರಿಗಳ ಜಾಲವೇ ಇದೆ. ಮೀಸಲು ಅರಣ್ಯಕ್ಕೆ ಕಾಲಿಡದೆ, ತೋಟದ ಮಾಲೀಕರ ಒಪ್ಪಿಗೆಯಲ್ಲಿ, ಹೋಂಸ್ಟೇಯ ಅಂಗಳದಿಂದ ಹೊರಟು ಅಲ್ಲಿಗೇ ಬಂದು ಚಾರ್ಜಿಗೆ ಹಾಕುವಂಥ ಸುತ್ತುಗಳನ್ನು ರೂಪಿಸಬಹುದು. ಇಂಥ ದೊಡ್ಡ ಬ್ಯಾಟರಿಯನ್ನು ಪ್ರಯಾಣಿಕ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ಸೈಕಲ್ಲುಗಳು ಅಲ್ಲೇ ಬಾಡಿಗೆಗೆ ಸಿಗಬೇಕು. ಯುರೋಪಿನಲ್ಲಿ ಐದಾರು ಸಾವಿರ ಯೂರೋ ದಾಟುವ ಬೆಲೆಯನ್ನು ನೋಡಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಬಾಡಿಗೆಯೇ ದಾರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ದಾರಿಗಳನ್ನು ಮುಚ್ಚಿಡಬೇಕು. ಮಳೆಗೆ ನೆನೆದ ಕೆಂಪುಮಣ್ಣಿನಲ್ಲಿ ಒಂದು ಟೈರಿನ ಗೆರೆ ಮರುದಿನಕ್ಕೆ ಹಳ್ಳವಾಗುತ್ತದೆ. ಕೊಯ್ಲಿನ ದಿನಗಳಲ್ಲಿ ದಾರಿ ಕೆಲಸದವರದು. ಬೆಳಿಗ್ಗೆ ಎಂಟರ ಮೊದಲು, ಸಂಜೆ ಐದರ ನಂತರ ಯಾರೂ ತುಳಿಯಬಾರದು. ಯಾಕೆಂದರೆ ಆಲೂರು-ಸಕಲೇಶಪುರ ಸೀಮೆಯ ತೋಟಗಳಲ್ಲಿ ಆನೆಗಳು ಓಡಾಡುತ್ತವೆ, ಈ ಮೋಟರಿನ ಸದ್ದು ತಿರುವಿನಾಚೆ ನಿಂತ ಆನೆಗೆ ಮುಂಚಿತವಾಗಿ ಕೇಳಿಸುವಷ್ಟು ದೊಡ್ಡದಲ್ಲ.